ಸೆಕೆಂಡ್ ಹ್ಯಾಂಡ್ ಡ್ರೈವ್ ಯೂನಿಟ್: ಹಣ ಕೊಡುವ ಮೊದಲು ಲೇಬಲ್ ಓದಿ

(ಹಳೆಯ ಕಾರುಗಳನ್ನು ಎಲೆಕ್ಟ್ರಿಕ್ ಮಾಡುವ ಆಸಕ್ತಿ ಇರುವವರ ಮುಂದೆ ಬೆಂಗಳೂರಿನಲ್ಲಿ ಆಡಿದ ಮಾತಿನ ಬರಹ ರೂಪ. ಕೊನೆಗೆ ಬಂದ ಒಂದೆರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಅಪಘಾತವಾದ ಎಲೆಕ್ಟ್ರಿಕ್ ಕಾರಿನ ಡ್ರೈವ್ ಯೂನಿಟ್ ಕೊಂಡು ತಂದು ಇನ್ನೊಂದು ಕಾರಿಗೆ ಕೂರಿಸುವ ಹವ್ಯಾಸ ಇಂಗ್ಲೆಂಡ್, ಐರ್ಲೆಂಡ್, ಜರ್ಮನಿ, ಅಮೆರಿಕದಲ್ಲೆಲ್ಲ ಚೆನ್ನಾಗಿ ಬೇರೂರಿದೆ. ನಾನಿರುವುದು ಇಂಗ್ಲೆಂಡಿನಲ್ಲಿ. ಅಲ್ಲಿ ಹಳೆಯ ಮಾರಿಸ್ ಮೈನರ್ ಅಥವಾ ಲ್ಯಾಂಡ್ ರೋವರ್‌ನ ಬಾನೆಟ್ ಎತ್ತಿದಾಗ ಒಳಗೆ ನಿಸಾನ್ ಲೀಫ್ ಅನ್ನುವ ಎಲೆಕ್ಟ್ರಿಕ್ ಕಾರಿನ ಮೋಟರು ಕಂಡರೆ ಯಾರಿಗೂ ಆಶ್ಚರ್ಯ ಆಗುವುದಿಲ್ಲ. ಈಗ ನಮ್ಮ ಊರುಗಳಿಂದಲೂ, ಅಮೆರಿಕದಲ್ಲಿರುವ ಕನ್ನಡದ ಗೆಳೆಯರಿಂದಲೂ ಫೋನು ಬರುತ್ತದೆ. "ಲೀಫ್ ಮೋಟರು ಸಿಗ್ತಾ ಇದೆ, ರೇಟು ಚೆನ್ನಾಗಿದೆ, ತಗೊಳ್ಲಾ?" ಅಂತ. ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು. ಯೂನಿಟ್ ಮೇಲೆ ಅಂಟಿಸಿರುವ ಲೇಬಲ್‌ನ ಫೋಟೋ ಕಳಿಸಿ, ಆಮೇಲೆ ಮಾತಾಡೋಣ.

ಯಾಕೆ ಅಂದರೆ "ಲೀಫ್ ಮೋಟರು" ಅಂತ ಒಂದು ವಸ್ತು ಇಲ್ಲ. "ಟೆಸ್ಲಾ ಮೋಟರು" ಅಂತಲೂ ಇಲ್ಲ. ಹೊರಗಿನಿಂದ ಅಣ್ಣತಮ್ಮಂದಿರ ಹಾಗೆ ಕಾಣುವ, ಒಳಗೆ ಬೇರೆಬೇರೆ ಇರುವ ಹಲವು ಯೂನಿಟ್‌ಗಳಿವೆ. ಮಾರುವವನಿಗೆ ಎಷ್ಟೋ ಸಲ ಅದು ಗೊತ್ತೇ ಇರುವುದಿಲ್ಲ. ಅವನು ಗುಜರಿ ವ್ಯಾಪಾರಿ, ಕಾರಿನ ಹೆಸರು ಮತ್ತು ವರ್ಷ ಬರೆದು ಇಟ್ಟಿರುತ್ತಾನೆ. ಅವನನ್ನು ದೂರಿ ಪ್ರಯೋಜನವಿಲ್ಲ. ನೋಡಿಕೊಳ್ಳಬೇಕಾದವರು ನಾವು.

ಡ್ರೈವ್ ಯೂನಿಟ್ ಅಂದರೆ ಏನು ಅಂತ ಇಲ್ಲಿ ಹೆಚ್ಚಿನವರಿಗೆ ಗೊತ್ತು. ಬೇಗ ಹೇಳಿ ಮುಗಿಸುತ್ತೇನೆ. ಮೋಟರು, ಬ್ಯಾಟರಿಯ ಡಿಸಿ ಕರೆಂಟನ್ನು ಮೂರು ಫೇಸ್ ಎಸಿ ಮಾಡುವ ಇನ್ವರ್ಟರ್, ವೇಗ ತಗ್ಗಿಸುವ ಗೇರು, ಎರಡೂ ಚಕ್ರಕ್ಕೆ ಹಂಚುವ ಡಿಫರೆನ್ಷಿಯಲ್. ಇವೆಲ್ಲ ಒಟ್ಟಿಗೆ ಸೇರಿದ ಒಂದು ಗಡ್ಡೆ. ಟೆಸ್ಲಾದಲ್ಲಿ ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿರುತ್ತದೆ. ಲೀಫ್‌ನಲ್ಲಿ ಬಿಡಿಸಿ ಬೇರೆ ಮಾಡಬಹುದು. ಅನುಕೂಲವೂ ಅಲ್ಲೇ, ತೊಂದರೆ ಶುರುವಾಗುವುದೂ ಅಲ್ಲೇ.

ಲೀಫ್ ಉದಾಹರಣೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ. ಜಗತ್ತಿನಲ್ಲಿ ಅತಿ ಸುಲಭವಾಗಿ ಸಿಗುವ ಹಳೆಯ ಯೂನಿಟ್‌ಗಳಲ್ಲಿ ಅದೂ ಒಂದು.

2010ರ ಕೊನೆಗೆ ಬಂದ ಮೊದಲ ಲೀಫ್‌ನ ಒಳಗಿನ ಹೆಸರು ಝಡ್‌ಇ0. ಅದರ ಮೋಟರು ಇಎಂ61. 80 ಕಿಲೋವ್ಯಾಟ್ ಶಕ್ತಿ, 280 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. 2013ರ ಮಾಡೆಲ್‌ಗೆ ಎಝಡ್‌ಇ0 ಬಂತು. ಮೋಟರು ಇಎಂ57 ಆಯಿತು. ಅದೂ 80 ಕಿಲೋವ್ಯಾಟೇ, ಆದರೆ ಟಾರ್ಕ್ 254ಕ್ಕೆ ಇಳಿಯಿತು. ಗೇರಿನ ಅನುಪಾತ, ಅಂದರೆ ಚಕ್ರ ಒಂದು ಸುತ್ತು ಬರಲು ಮೋಟರು ಎಷ್ಟು ಸುತ್ತಬೇಕು ಅನ್ನುವುದು, ಮೊದಲನೆಯದರಲ್ಲಿ 7.9377, ಎರಡನೆಯದರಲ್ಲಿ 8.1938. ಆಮೇಲೆ 2018ರ ಮಾಡೆಲ್ ಝಡ್‌ಇ1. ಮೋಟರಿನ ಹೆಸರು ಇಎಂ57 ಅಂತಲೇ ಉಳಿಯಿತು. ಆದರೆ ಈಗ 110 ಕಿಲೋವ್ಯಾಟ್, 320 ನ್ಯೂಟನ್ ಮೀಟರ್. ಅದೇ ಕಾರಿನ 62 ಕಿಲೋವ್ಯಾಟ್ ಅವರ್ ಬ್ಯಾಟರಿಯ ಮಾದರಿಯಲ್ಲಿ 160 ಕಿಲೋವ್ಯಾಟ್, 340 ನ್ಯೂಟನ್ ಮೀಟರ್.

ಇಲ್ಲಿ ಸ್ವಲ್ಪ ನಿಲ್ಲೋಣ. ಒಂದೇ ಹೆಸರಿನ ಮೋಟರು 80, 110, 160 ಕಿಲೋವ್ಯಾಟ್ ಕೊಡುತ್ತಿದೆ. ಹಾಗಾದರೆ ಶಕ್ತಿ ಬಂದದ್ದು ಎಲ್ಲಿಂದ? ಮುಖ್ಯವಾಗಿ ಇನ್ವರ್ಟರ್‌ನಿಂದ, ಅದರ ಹಿಂದಿರುವ ಬ್ಯಾಟರಿಯಿಂದ. ಅದಕ್ಕೇ ಎಝಡ್‌ಇ0 ಇಟ್ಟುಕೊಂಡವರು ಝಡ್‌ಇ1ರ ಇನ್ವರ್ಟರ್ ತಂದು ತಮ್ಮ ಮೋಟರಿನ ಮೇಲೆ ಕೂರಿಸಿಕೊಳ್ಳುತ್ತಾರೆ. ಅದು ಕೂರುತ್ತದೆ ಕೂಡ. ಆದರೆ ಅದೇ ಇನ್ವರ್ಟರ್ 2011ರ ಇಎಂ61 ಮೇಲೆ ಕೂರುವುದಿಲ್ಲ. ಮೊದಲ ಲೀಫ್‌ನಲ್ಲಿ ಇನ್ವರ್ಟರ್‌ನಿಂದ ಮೋಟರಿಗೆ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಇಳಿಯುತ್ತವೆ. ಎರಡನೆಯದರಲ್ಲಿ ಇನ್ವರ್ಟರ್ ನೇರವಾಗಿ ಮೋಟರಿನ ತಲೆ ಮೇಲೆ ಬೋಲ್ಟ್ ಆಗುತ್ತದೆ, ಫೇಸ್ ಕೇಬಲ್ ಹೊರಗೆ ಕಾಣುವುದೇ ಇಲ್ಲ. ಅದರ ಮೇಲೆ ಚಾರ್ಜರ್ ಮತ್ತು (ಕಾರಿನ 12 ವೋಲ್ಟಿನ ಕೆಲಸಗಳಿಗೆ ವೋಲ್ಟೇಜ್ ಇಳಿಸಿ ಕೊಡುವ) ಡಿಸಿ ಕನ್ವರ್ಟರ್ ಇರುವ ಇನ್ನೊಂದು ಪೆಟ್ಟಿಗೆ ಕೂರುತ್ತದೆ. ಮೊದಲ ಲೀಫ್‌ನಲ್ಲಿ ಚಾರ್ಜರ್ ಕಾರಿನ ಹಿಂಭಾಗದಲ್ಲಿತ್ತು. ಫೋಟೋ ಮಸುಕಾಗಿದ್ದರೂ ಈ ಗುರುತು ಸಾಕು. ಕಿತ್ತಳೆ ಕೇಬಲ್ ಇಳಿದಿದೆಯಾ, ಮೂರಂತಸ್ತಿನ ಗೋಪುರ ಇದೆಯಾ ಅಂತ ನೋಡಿ.

"2013ರ ಲೀಫ್" ಅನ್ನುವ ಮಾತನ್ನೂ ನಂಬಬೇಡಿ. ಅದು ರಿಜಿಸ್ಟರ್ ಆದ ವರ್ಷ ಇರಬಹುದು, ಮಾಡೆಲ್ ವರ್ಷ ಇರಬಹುದು. ಷೋರೂಮಿನಲ್ಲಿ ಉಳಿದಿದ್ದ ಹಳೆಯ ಕಾರು ಮುಂದಿನ ವರ್ಷ ರಿಜಿಸ್ಟರ್ ಆಗುವುದು ಎಲ್ಲ ದೇಶದಲ್ಲೂ ಇದೆ. ಅದರ ಮೇಲೆ ಲೀಫ್ ತಯಾರಾದದ್ದು ಮೂರು ಕಡೆ: ಜಪಾನಿನ ಒಪ್ಪಾಮಾ, ಅಮೆರಿಕದ ಸ್ಮಿರ್ನಾ, ಇಂಗ್ಲೆಂಡಿನ ಸಂಡರ್‌ಲ್ಯಾಂಡ್. ಹೊಸ ಮಾದರಿ ಎಲ್ಲ ಮಾರುಕಟ್ಟೆಗೂ ಒಂದೇ ದಿನ ಬರಲಿಲ್ಲ. ಹಾಗಾಗಿ ಕಾರಿನ ಚಾಸಿಸ್ ನಂಬರ್ ಕೇಳಿ. ಮೋಟರಿನ ಮೇಲಿನ ಅಚ್ಚು ಕೇಳಿ. ಇನ್ವರ್ಟರ್ ಮೇಲಿನ ಲೇಬಲ್ ಕೇಳಿ. ಮೂರೂ ಒಂದೇ ಕಥೆ ಹೇಳಬೇಕು. ಹೇಳದಿದ್ದರೆ ಯಾರೋ ನಡುವೆ ಏನೋ ಬದಲಾಯಿಸಿದ್ದಾರೆ ಅಂತ ಅರ್ಥ.

ಟೆಸ್ಲಾದಲ್ಲಿ ಇದು ಇನ್ನೂ ಸೂಕ್ಷ್ಮ. 2012ರ ಮಾಡೆಲ್ ಎಸ್‌ನ ಹಿಂದಿನ ಆಕ್ಸಲ್‌ನಲ್ಲಿ ಬಂದದ್ದು ದೊಡ್ಡ ಯೂನಿಟ್. 2014ರ ಕೊನೆಗೆ ಎರಡು ಮೋಟರಿನ ಕಾರುಗಳು ಬಂದಾಗ ಚಿಕ್ಕ ಯೂನಿಟ್ ಸೇರಿಕೊಂಡಿತು. ಎರಡೂ ಇಂಡಕ್ಷನ್ ಮೋಟರೇ, ಅಂದರೆ ಒಳಗೆ ಶಾಶ್ವತ ಆಯಸ್ಕಾಂತ ಇಲ್ಲದವು. ಆದರೆ ಕನೆಕ್ಟರ್, ಒಳಗಿನ ಬೋರ್ಡ್, ಅಳತೆ ಎಲ್ಲ ಬೇರೆ. 2017ರ ಮಾಡೆಲ್ 3 ಬಂದಾಗ ಹಿಂದಿನ ಮೋಟರಿಗೆ ಶಾಶ್ವತ ಆಯಸ್ಕಾಂತ ಬಂತು, ಇನ್ವರ್ಟರ್‌ಗೆ ಸಿಲಿಕಾನ್ ಕಾರ್ಬೈಡ್‌ನ ಹೊಸ ಬಗೆಯ ಸ್ವಿಚ್‌ಗಳು ಬಂದವು. ಮಾಡೆಲ್ 3ರ ಹಿಂದಿನ ಯೂನಿಟ್‌ನಲ್ಲಿ ಕೊನೆಗೆ 980 ಮತ್ತು 990 ಅಂತ ಬರುವ ಎರಡು ಪಾರ್ಟ್ ನಂಬರ್‌ಗಳು ಪ್ರಸಿದ್ಧ. ಹೊರಗಿನ ಎರಕ ಒಂದೇ ಥರ. 980 ಪರ್ಫಾರ್ಮೆನ್ಸ್ ಕಾರಿನಲ್ಲೂ ಮೊದಮೊದಲ ಲಾಂಗ್ ರೇಂಜ್ ಕಾರುಗಳಲ್ಲೂ ಬಂತು, 990 ಆಮೇಲಿನ ಲಾಂಗ್ ರೇಂಜ್‌ಗಳಲ್ಲಿ ಬಂತು. ಕೊಡುವ ಕರೆಂಟಿನಲ್ಲಿ ವ್ಯತ್ಯಾಸ ಇದೆ. ಜಾಹೀರಾತಿನಲ್ಲಿ ಬರೀ "ಮಾಡೆಲ್ 3 ರಿಯರ್ ಮೋಟರ್" ಅಂತ ಇರುತ್ತದೆ. ಟೆಸ್ಲಾ ಪಾರ್ಟ್ ನಂಬರ್‌ನಲ್ಲಿ ಏಳು ಅಂಕಿ, ಆಮೇಲೆ ಎರಡು ಅಂಕಿ, ಕೊನೆಗೆ ಒಂದು ಅಕ್ಷರ. ಆ ಕೊನೆಯ ಅಕ್ಷರ ಪರಿಷ್ಕರಣೆಯ ಗುರುತು. ಅದನ್ನೂ ಬರೆದುಕೊಳ್ಳಿ.

ಈಗ ವೋಲ್ಟೇಜ್. ಇದರಲ್ಲಿ ರಾಜಿ ಇಲ್ಲ.

ಲೀಫ್‌ನ ಬ್ಯಾಟರಿಯಲ್ಲಿ 96 ಸೆಲ್ ಸರಣಿಯಲ್ಲಿವೆ. ತುಂಬಿದಾಗ ಸುಮಾರು 400 ವೋಲ್ಟ್. ಮಾಡೆಲ್ ಎಸ್ 85ರಲ್ಲೂ 96ರ ಸರಣಿಯೇ. ಮಾಡೆಲ್ ಎಸ್ 60ರಲ್ಲಿ 84. ಹ್ಯುಂಡೈ ಅಯಾನಿಕ್ 5, ಕಿಯಾ ಇವಿ6, ಪೋರ್ಷೆ ಟೇಕಾನ್ ಇವೆಲ್ಲ 800 ವೋಲ್ಟ್ ವರ್ಗದವು. 400 ವೋಲ್ಟಿನ ಇನ್ವರ್ಟರ್‌ಗೆ 800 ಕೊಟ್ಟರೆ ಆ ಕ್ಷಣವೇ ಕಥೆ ಮುಗಿಯಿತು. 800 ವೋಲ್ಟಿನ ಯೂನಿಟ್‌ಗೆ 400 ಕೊಟ್ಟರೆ ಸುಡುವುದಿಲ್ಲ, ಆದರೆ ವೇಗ ಏರುತ್ತಿದ್ದ ಹಾಗೆ ಮೋಟರು ಸೋಲುತ್ತದೆ. ತಿರುಗುವ ಮೋಟರು ತಾನೇ ಒಂದು ವೋಲ್ಟೇಜನ್ನು ಎದುರಿಗೆ ಹುಟ್ಟಿಸುತ್ತದೆ. ಬ್ಯಾಟರಿಯ ವೋಲ್ಟೇಜ್ ಅದಕ್ಕಿಂತ ಮೇಲಿರಬೇಕು, ಇಲ್ಲದಿದ್ದರೆ ಕರೆಂಟು ಒಳಗೆ ಹೋಗುವುದೇ ಕಷ್ಟ. 72 ವೋಲ್ಟಿನ ಬ್ಯಾಟರಿಗೆ ಲೀಫ್ ಯೂನಿಟ್ ಜೋಡಿಸುತ್ತೇನೆ ಅನ್ನುವವರು ಇದ್ದಾರೆ. ದಯವಿಟ್ಟು ಬೇಡ. ಕಂಪನಿಯ ಇನ್ವರ್ಟರ್ ಅಷ್ಟು ಕಡಿಮೆ ವೋಲ್ಟೇಜಿಗೆ ಮಾಡಿದ್ದಲ್ಲ.

ಕರೆಂಟಿನ ಲೆಕ್ಕವೂ ಮಾಡಿ. 160 ಕಿಲೋವ್ಯಾಟನ್ನು 350 ವೋಲ್ಟಿನಲ್ಲಿ ಎಳೆಯಬೇಕಾದರೆ 457 ಆಂಪಿಯರ್ ಬೇಕು. ಹಳೆಯ 24 ಕಿಲೋವ್ಯಾಟ್ ಅವರ್ ಲೀಫ್ ಬ್ಯಾಟರಿ ಅದನ್ನು ಕೊಡುವುದಿಲ್ಲ. ಹೆಚ್ಚು ಶಕ್ತಿಯ ಇನ್ವರ್ಟರ್‌ಗೆ ಹೆಚ್ಚಿನ ಹಣ ಕೊಟ್ಟು, ಬ್ಯಾಟರಿ ಹಳೆಯದೇ ಇಟ್ಟುಕೊಂಡರೆ ಆ ಹಣ ಸುಮ್ನೆ ಕೂತಿರುತ್ತದೆ.

ಮೋಟರು ಒಬ್ಬರ ಹತ್ತಿರ, ಇನ್ವರ್ಟರ್ ಇನ್ನೊಬ್ಬರ ಹತ್ತಿರ ಅಗ್ಗಕ್ಕೆ ಸಿಕ್ಕಿತು ಅಂತ ಎರಡು ಕಡೆಯಿಂದ ತರುವವರಿಗೆ ಒಂದು ವಿಷಯ ಹೇಳಬೇಕು. ಶಾಶ್ವತ ಆಯಸ್ಕಾಂತದ ಮೋಟರಿನಲ್ಲಿ ರೋಟರ್, ಅಂದರೆ ಒಳಗೆ ತಿರುಗುವ ಭಾಗ, ಈ ಕ್ಷಣ ಯಾವ ಕೋನದಲ್ಲಿ ನಿಂತಿದೆ ಅನ್ನುವುದು ಇನ್ವರ್ಟರ್‌ಗೆ ನಿಖರವಾಗಿ ಗೊತ್ತಿರಬೇಕು. ಅದಕ್ಕೆ ಶಾಫ್ಟಿನ ತುದಿಯಲ್ಲಿ ರಿಸಾಲ್ವರ್ ಅನ್ನುವ ಸೆನ್ಸರ್ ಇರುತ್ತದೆ. ರಿಸಾಲ್ವರ್‌ನ ಸೊನ್ನೆ ಮತ್ತು ಆಯಸ್ಕಾಂತದ ಸೊನ್ನೆ ನಡುವೆ ಸಣ್ಣ ವ್ಯತ್ಯಾಸ ಇರುತ್ತದೆ. ಹಲವು ಕಂಪನಿಗಳು ಆ ವ್ಯತ್ಯಾಸವನ್ನು ಇನ್ವರ್ಟರ್‌ನ ನೆನಪಿನಲ್ಲಿ ಬರೆದಿಡುತ್ತವೆ. ಜನರಲ್ ಮೋಟರ್ಸ್ ಕಾರುಗಳಲ್ಲಿ ಮೋಟರು ಬದಲಾಯಿಸಿದರೆ ಇದನ್ನು ಮತ್ತೆ ಕಲಿಸುವ ಒಂದು ಪ್ರತ್ಯೇಕ ಪ್ರಕ್ರಿಯೆಯೇ ಇದೆ. ಈ ಕೋನ ತಪ್ಪಿದರೆ ಟಾರ್ಕ್ ಕಡಿಮೆಯಾಗುತ್ತದೆ, ಮೋಟರು ಬಿಸಿಯಾಗುತ್ತದೆ, ಕೆಲವೊಮ್ಮೆ ಹಿಂದಕ್ಕೆ ತಿರುಗುತ್ತದೆ. ಇಂಡಕ್ಷನ್ ಮೋಟರಿನಲ್ಲಿ ಈ ತಲೆನೋವಿಲ್ಲ, ಅಲ್ಲಿ ವೇಗ ಗೊತ್ತಾದರೆ ಸಾಕು. ಹಳೆಯ ದೊಡ್ಡ ಟೆಸ್ಲಾ ಯೂನಿಟ್ ಹವ್ಯಾಸಿಗಳಿಗೆ ಬೇಗ ಒಗ್ಗಿದ್ದಕ್ಕೆ ಇದೂ ಒಂದು ಕಾರಣ. ಹಾಗಾಗಿ ಆಯಸ್ಕಾಂತದ ಮೋಟರಾದರೆ, ಒಂದೇ ಕಾರಿನಲ್ಲಿ ಜೊತೆಯಾಗಿ ಓಡಿದ ಮೋಟರು ಮತ್ತು ಇನ್ವರ್ಟರನ್ನೇ ಜೊತೆಯಾಗಿ ಕೊಳ್ಳಿ. ಸ್ವಲ್ಪ ಹಣ ಜಾಸ್ತಿಯಾದರೂ ಪರವಾಗಿಲ್ಲ.

ಯಂತ್ರ ಹೊಂದಿತು ಅಂತ ಇಟ್ಟುಕೊಳ್ಳಿ. ಅದರ ಜೊತೆ ಮಾತಾಡುವುದು ಹೇಗೆ?

ಲೀಫ್‌ನ ಇನ್ವರ್ಟರ್‌ಗೆ ಆಕ್ಸಿಲರೇಟರ್ ವೈರು ನೇರವಾಗಿ ಬರುವುದಿಲ್ಲ. ಕಾರಿನ ಮುಖ್ಯ ಕಂಪ್ಯೂಟರು ಕ್ಯಾನ್ ಬಸ್ (ಕಾರಿನ ಭಾಗಗಳು ಒಂದಕ್ಕೊಂದು ಸಂದೇಶ ಕಳಿಸುವ ವೈರುಜಾಲ) ಮೇಲೆ ಪ್ರತಿ 10 ಮಿಲಿಸೆಕೆಂಡಿಗೆ ಒಂದು ಸಂದೇಶ ಕಳಿಸುತ್ತದೆ. ಹೆಕ್ಸ್, ಅಂದರೆ ಹದಿನಾರರ ಲೆಕ್ಕದಲ್ಲಿ ಅದರ ವಿಳಾಸ 1ಡಿ4. ಇಷ್ಟು ಟಾರ್ಕ್ ಕೊಡು ಅಂತ ಅದರಲ್ಲಿ ಇರುತ್ತದೆ. ಇನ್ವರ್ಟರ್ 1ಡಿಎ ವಿಳಾಸದಲ್ಲಿ ವೇಗ, ಟಾರ್ಕ್ ಎಲ್ಲ ತಿರುಗಿ ಹೇಳುತ್ತದೆ. ಸಂದೇಶದೊಳಗೆ ಒಂದು ಎಣಿಕೆ ಮತ್ತು ಒಂದು ಪರೀಕ್ಷಾ ಬೈಟ್ ಇವೆ. ಅವು ಸರಿ ಇಲ್ಲದಿದ್ದರೆ ಇನ್ವರ್ಟರ್ ಆ ಮಾತನ್ನು ಕೇಳುವುದೇ ಇಲ್ಲ. ಇವೆಲ್ಲವನ್ನೂ ಹವ್ಯಾಸಿಗಳು ಬಿಡಿಸಿ, ಬರೆದಿಟ್ಟು, ಎಲ್ಲರಿಗೂ ಹಂಚಿದ್ದಾರೆ. ಓಪನ್‌ಇನ್ವರ್ಟರ್ ಯೋಜನೆಯವರ ಜಾಂಬಿವರ್ಟರ್ ಅನ್ನುವ ಬೋರ್ಡು ಲೀಫ್ ಇನ್ವರ್ಟರ್ ಜೊತೆ ಅದರದೇ ಭಾಷೆಯಲ್ಲಿ ಮಾತಾಡುತ್ತದೆ. ಆ ಕೆಲಸ ಮಾಡಿದವರ ಬಗ್ಗೆ ನನಗೆ ತುಂಬ ಗೌರವ. ಗುಜರಿಗೆ ಹೋಗಬೇಕಿದ್ದ ಎಷ್ಟೋ ಒಳ್ಳೆಯ ಯಂತ್ರಗಳು ಅವರಿಂದ ಮತ್ತೆ ಓಡುತ್ತಿವೆ.

ಟೆಸ್ಲಾ ಯೂನಿಟ್ ಅಷ್ಟು ಸಲೀಸಾಗಿ ಮಾತು ಕೇಳುವುದಿಲ್ಲ. ಅದಕ್ಕೇ ಒಳಗಿನ ಕಂಟ್ರೋಲ್ ಬೋರ್ಡನ್ನೇ ತೆಗೆದು ಬೇರೆ ಬೋರ್ಡು ಹಾಕುವ ದಾರಿ ಬೆಳೆದಿದೆ. ದೊಡ್ಡ ಯೂನಿಟ್‌ಗೆ ಒಂದು ಬೋರ್ಡು, ಚಿಕ್ಕದಕ್ಕೆ ಇನ್ನೊಂದು, ಮಾಡೆಲ್ 3ಕ್ಕೆ ಮತ್ತೊಂದು. ಯೂನಿಟ್ ಕೊಳ್ಳುವ ಮೊದಲು, ನಿಮ್ಮ ಕೈಯಲ್ಲಿರುವ ಪಾರ್ಟ್ ನಂಬರ್‌ಗೆ ಬೋರ್ಡು ಈಗ ಸಿಗುತ್ತಾ ಅಂತ ಖಚಿತ ಮಾಡಿಕೊಳ್ಳಿ. ಇನ್ನು, ಟೆಸ್ಲಾ ಕಾರಿಗೇ ಹಳೆಯ ಟೆಸ್ಲಾ ಯೂನಿಟ್ ಹಾಕುವವರಿಗೂ ಒಂದು ಮಾತು. ನಂಬರ್ ಹೊಂದಿದರೂ ಕಂಪನಿಯ ಟೂಲ್‌ಬಾಕ್ಸ್ ಸಾಫ್ಟ್‌ವೇರ್‌ನಿಂದ ಫರ್ಮ್‌ವೇರ್ (ಯೂನಿಟ್‌ನ ಒಳಗೇ ಇರುವ ಪ್ರೋಗ್ರಾಮು) ಮತ್ತೆ ಕೂರಿಸಬೇಕಾಗುತ್ತದೆ. ಬೋಲ್ಟ್ ಬಿಗಿ ಮಾಡಿದ ತಕ್ಷಣ ಕೆಲಸ ಮುಗಿಯುವುದಿಲ್ಲ.

ಇಂಟರ್‌ಲಾಕ್ ಅನ್ನುವ ಒಂದು ಸಣ್ಣ ವೈರೂ ಇದೆ. ಎಲ್ಲ ಹೈ ವೋಲ್ಟೇಜ್ ಕನೆಕ್ಟರ್‌ಗಳ ಒಳಗೂ, ಮುಚ್ಚಳಗಳ ಒಳಗೂ ಹಾದು ಬರುತ್ತದೆ. ಎಲ್ಲೋ ಒಂದು ಮುಚ್ಚಳ ಸಡಿಲವಾದರೂ ಸರ್ಕ್ಯೂಟ್ ತುಂಡಾಗಿ, ಬ್ಯಾಟರಿಯನ್ನು ಜೋಡಿಸುವ ದೊಡ್ಡ ಸ್ವಿಚ್ಚು, ಅಂದರೆ ಕಾಂಟ್ಯಾಕ್ಟರ್, ಕೂಡುವುದಿಲ್ಲ. ಯೂನಿಟ್ ಸತ್ತಿದೆ ಅಂತ ತಿರುಗಿಸಿ ಕೊಟ್ಟವರ ಎಷ್ಟೋ ಕಥೆಗಳ ಹಿಂದೆ ಇದೇ ಇರುತ್ತದೆ.

ಇದರ ಜೊತೆಗೇ ಹಾರ್ನೆಸ್, ಅಂದರೆ ವೈರುಗಳ ಕಟ್ಟಿನ ವಿಷಯ ಬರುತ್ತದೆ. ಗುಜರಿಯಲ್ಲಿ ಬಿಚ್ಚುವವರಿಗೆ ಸಮಯವಿಲ್ಲ. ಕನೆಕ್ಟರ್‌ನ ಬುಡದಲ್ಲೇ ಕಟರ್ ಇಟ್ಟು ಕತ್ತರಿಸುತ್ತಾರೆ. ಆ ಕನೆಕ್ಟರ್ ಹೊರಗೆ ಬಿಡಿಯಾಗಿ ಸಿಗುವುದು ಕಷ್ಟ, ಸಿಕ್ಕರೆ ದುಬಾರಿ. ಕತ್ತರಿಸುವ ಮೊದಲೇ ಹೇಳಿ: ಪ್ರತಿ ಕನೆಕ್ಟರ್ ಜೊತೆ ಕನಿಷ್ಠ ಒಂದಡಿ ವೈರು ಉಳಿಸಿ. ಮೌಂಟಿಂಗ್ ಬ್ರಾಕೆಟ್, ರಬ್ಬರು, ಆ ಉದ್ದನೆಯ ಬೋಲ್ಟ್‌ಗಳನ್ನೂ ಕೇಳಿ. ಡ್ರೈವ್‌ಶಾಫ್ಟ್ ಎರಡೂ ಬೇಕು. ಎಡದ್ದು, ಬಲದ್ದು ಉದ್ದ ಬೇರೆ ಇರುತ್ತವೆ. ನಿಮ್ಮ ಕಾರಿಗೆ ಹೇಗೂ ಹೊಸ ಶಾಫ್ಟ್ ಮಾಡಿಸಬೇಕು. ಆದರೆ ಯೂನಿಟ್ ಕಡೆಯ ಸ್ಪ್ಲೈನ್ (ಉದ್ದುದ್ದ ಹಲ್ಲುಗೆರೆ) ಇರುವ ತುದಿ ಕೈಯಲ್ಲಿದ್ದರೆ ಲೇತ್ ಕೆಲಸದವರಿಗೆ ಅರ್ಧ ಕೆಲಸ ಮುಗಿದ ಹಾಗೆ.

ಗೇರಿನ ಲೆಕ್ಕವನ್ನು ಎಷ್ಟೋ ಜನ ಬಿಟ್ಟೇ ಬಿಡುತ್ತಾರೆ. ಎಝಡ್‌ಇ0 ಲೀಫ್ ತಗೊಳ್ಳಿ. ಮೋಟರು 10,000 ಆರ್‌ಪಿಎಂನಲ್ಲಿ ತಿರುಗುವಾಗ ಚಕ್ರ ನಿಮಿಷಕ್ಕೆ 1,220 ಸಲ ಸುತ್ತುತ್ತದೆ. ಲೀಫ್‌ನ 205/55 ಆರ್16 ಟೈರಿನ ಸುತ್ತಳತೆ ಹತ್ತಿರ ಹತ್ತಿರ 1.98 ಮೀಟರ್. ಗಂಟೆಗೆ 145 ಕಿಲೋಮೀಟರ್ ಆಗುತ್ತದೆ. ಅದೇ ಯೂನಿಟನ್ನು ಹತ್ತಿಂಚು ಚಕ್ರದ ಹಳೆಯ ಮಿನಿಗೆ ಹಾಕಿದರೆ ಅದೇ ಆರ್‌ಪಿಎಂನಲ್ಲಿ 112 ಕಿಲೋಮೀಟರ್. ಹೆದ್ದಾರಿಯಲ್ಲಿ ಮೋಟರು ಸದಾ ತುದಿಗಾಲಲ್ಲಿ ಇರುತ್ತದೆ. ಲ್ಯಾಂಡ್ ರೋವರ್‌ನ ಎತ್ತರದ ಟೈರಾದರೆ ಲೆಕ್ಕ 180 ದಾಟುತ್ತದೆ. ಆ ಗಾಡಿಗೆ ಆ ವೇಗ ಬೇಕಿಲ್ಲ. ಬೇಕಿರುವ ಎಳೆತ ಮಾತ್ರ ಲೀಫ್‌ಗಿಂತ ಸುಮಾರು ಐದನೇ ಒಂದು ಭಾಗ ಕಡಿಮೆಯಾಗುತ್ತದೆ, ಭಾರವೋ ಜಾಸ್ತಿ. ಅದಕ್ಕೇ ಲ್ಯಾಂಡ್ ರೋವರ್ ಮಾಡುವವರಲ್ಲಿ ಹಲವರು ಲೀಫ್‌ನ ಗೇರ್‌ಬಾಕ್ಸ್ ಬಿಟ್ಟು ಬರೀ ಮೋಟರನ್ನು ಗಾಡಿಯದೇ ಟ್ರಾನ್ಸ್‌ಫರ್ ಬಾಕ್ಸಿಗೆ, ಅಂದರೆ ಮುಂದಿನ ಹಿಂದಿನ ಆಕ್ಸಲ್‌ಗೆ ಶಕ್ತಿ ಹಂಚುವ ಗೇರಿನ ಪೆಟ್ಟಿಗೆಗೆ, ಜೋಡಿಸುತ್ತಾರೆ. ಐದು ನಿಮಿಷದ ಲೆಕ್ಕ. ಕೊಳ್ಳುವ ಮೊದಲು ಮಾಡಿದರೆ ಉಪಯೋಗ.

ದಿಕ್ಕನ್ನೂ ನೋಡಬೇಕು. ಮುಂದಿನ ಆಕ್ಸಲ್‌ನ ಯೂನಿಟನ್ನು ತಿರುಗಿಸಿ ಹಿಂದೆ ಇಟ್ಟರೆ, ಕಾರು ಮುಂದೆ ಹೋಗುವಾಗ ಮೋಟರು ಹಿಮ್ಮುಖವಾಗಿ ಸುತ್ತಬೇಕಾಗುತ್ತದೆ. ವಿದ್ಯುತ್ತಿಗೆ ಅದರಿಂದ ಏನೂ ಇಲ್ಲ. ಆದರೆ ಕಂಪನಿಯ ಸಾಫ್ಟ್‌ವೇರ್ ರಿವರ್ಸ್‌ನಲ್ಲಿ ವೇಗಕ್ಕೆ ಮಿತಿ ಹಾಕಿರುತ್ತದೆ. ಗೇರಿನ ಹಲ್ಲಿನ ಇನ್ನೊಂದು ಮುಖದ ಮೇಲೆ ಭಾರ ಬೀಳುತ್ತದೆ. ಎಣ್ಣೆ ಚಿಮ್ಮುವ ದಾರಿಯೂ ಬದಲಾಗುತ್ತದೆ. ಓರೆಯಾಗಿ ಕೂರಿಸಿದರೂ ಎಣ್ಣೆಯದ್ದೇ ಚಿಂತೆ.

ನಿಲ್ಲಿಸುವುದು ಹೇಗೆ ಅಂತಲೂ ಕೇಳಿಕೊಳ್ಳಿ. ಮಾಡೆಲ್ ಎಸ್ ಯೂನಿಟ್‌ನ ಒಳಗೆ ಪಾರ್ಕಿಂಗ್ ಲಾಕ್ ಇಲ್ಲ. ಆ ಕಾರು ಹಿಂದಿನ ಬ್ರೇಕಿನ ಎಲೆಕ್ಟ್ರಿಕ್ ಕ್ಯಾಲಿಪರ್‌ನಿಂದ ನಿಲ್ಲುತ್ತದೆ. ಇಳಿಜಾರಿನಲ್ಲಿ ನಿಮ್ಮ ಕಾರು ಯಾವುದರ ಮೇಲೆ ನಿಲ್ಲುತ್ತದೆ ಅನ್ನುವುದು ಮೊದಲೇ ತೀರ್ಮಾನವಾಗಬೇಕು.

ಈಗ ಗುಜರಿ ಅಂಗಳಕ್ಕೆ ಹೋಗೋಣ. ಮರದ ಪ್ಯಾಲೆಟ್ ಮೇಲೆ ಯೂನಿಟ್ ಕೂತಿದೆ. ಏನು ಮಾಡಬೇಕು?

ಮೊದಲು ಕಾರಿಗೆ ಎಲ್ಲಿ ಹೊಡೆತ ಬಿದ್ದಿತ್ತು ಅಂತ ಕೇಳಿ. ಲೀಫ್‌ನ ಯೂನಿಟ್ ಮುಂದಿದೆ. ಹಾಗಾಗಿ ಹಿಂದಿನಿಂದ ಗುದ್ದಿಸಿಕೊಂಡ ಲೀಫ್ ಹುಡುಕಿ. ಟೆಸ್ಲಾದ ಹಿಂದಿನ ಯೂನಿಟ್ ಬೇಕಾದರೆ ಮುಂದೆ ನುಜ್ಜಾದ ಕಾರು ಒಳ್ಳೆಯದು. ಅಲ್ಯೂಮಿನಿಯಂ ಎರಕದ ಕಿವಿಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು ಇರುತ್ತದೆ, ಟಾರ್ಚ್ ಹಿಡಿದು ಬಟ್ಟೆಯಿಂದ ಒರೆಸಿ ನೋಡಿ. ನೀರಿನಲ್ಲಿ ಮುಳುಗಿದ ಕಾರಿನದ್ದಾದರೆ ಮುಟ್ಟಬೇಡಿ. ಕನೆಕ್ಟರ್ ಪಿನ್ನುಗಳ ಮೇಲೆ ಹಸಿರು ಪುಡಿ, ಮುಚ್ಚಳದ ಅಂಚಿನಲ್ಲಿ ಮಣ್ಣಿನ ಗೆರೆ ಕಂಡರೆ ಅಲ್ಲಿಂದ ಹೊರಡಿ.

ಚಕ್ರದ ಕಡೆಯ ಫ್ಲ್ಯಾಂಜ್ ಹಿಡಿದು ತಿರುಗಿಸಿ "ನೋಡಿ ಸಾರ್, ಫ್ರೀ ಆಗಿ ತಿರುಗ್ತಾ ಇದೆ" ಅಂತ ತೋರಿಸುತ್ತಾರೆ. ಅದರಿಂದ ಏನೂ ಗೊತ್ತಾಗುವುದಿಲ್ಲ. ಒಳಗೆ ಡಿಫರೆನ್ಷಿಯಲ್ ಇದೆ. ಒಂದು ಕಡೆ ತಿರುಗಿಸಿದರೆ ಇನ್ನೊಂದು ಕಡೆ ಉಲ್ಟಾ ತಿರುಗುತ್ತದೆ, ಮೋಟರು ಅಲುಗುವುದೂ ಇಲ್ಲ. ಒಂದು ಕಡೆಯನ್ನು ಗಟ್ಟಿಯಾಗಿ ಹಿಡಿಸಿ, ಇನ್ನೊಂದು ಕಡೆ ತಿರುಗಿಸಿ. ಈಗ ಮೋಟರಿನ ಬೇರಿಂಗ್ ಸದ್ದು ಕಿವಿಗೆ ಬರುತ್ತದೆ. ನುಣುಪಾಗಿ ಓಡಬೇಕು. ಮರಳಿನ ಮೇಲೆ ಓಡಿದ ಹಾಗೆ ಕರಕರ ಅಂದರೆ ಬೇರಿಂಗ್ ಹೋಗಿದೆ. ಲೀಫ್‌ನಂಥ ಆಯಸ್ಕಾಂತದ ಮೋಟರಾದರೆ, ಇನ್ವರ್ಟರ್‌ನಿಂದ ಫೇಸ್ ಬಿಡಿಸಿ, ಮೂರೂ ಟರ್ಮಿನಲ್‌ಗಳನ್ನು ಒಂದು ತಂತಿಯಿಂದ ಸೇರಿಸಿ ಮತ್ತೆ ತಿರುಗಿಸಿ. ಕೈಗೆ ತಡೆ ಸಿಗಬೇಕು, ಜೇನಿನಲ್ಲಿ ಕಲಸಿದ ಹಾಗೆ, ಇಡೀ ಸುತ್ತಿಗೂ ಒಂದೇ ಸಮ. ಅಲ್ಲಲ್ಲಿ ತಡೆ ಕಡಿಮೆಯಾದರೆ ಒಂದು ಫೇಸ್ ತುಂಡಾಗಿದೆ ಅಂತ ಅನುಮಾನಿಸಿ. ಇದಕ್ಕೆ ಮೀಟರೂ ಬೇಕಿಲ್ಲ.

ಮುಚ್ಚಳ ತೆಗೆಯುವ ಮೊದಲು ಇನ್ವರ್ಟರ್‌ನ ಡಿಸಿ ಟರ್ಮಿನಲ್‌ಗಳ ನಡುವೆ ವೋಲ್ಟೇಜ್ ಅಳೆಯಿರಿ. ಒಳಗೆ ದೊಡ್ಡ ಕೆಪಾಸಿಟರ್ ಇದೆ. ತಿಂಗಳುಗಟ್ಟಲೆ ಬಿದ್ದಿದ್ದರೆ ಏನೂ ಇರುವುದಿಲ್ಲ, ಆದರೂ ಅಳೆಯಿರಿ. 60 ವೋಲ್ಟಿಗಿಂತ ಮೇಲಿದ್ದರೆ ಕೈ ಹಾಕಬೇಡಿ. ಆಮೇಲೆ ಇನ್ವರ್ಟರ್‌ನ ಒಳಗಿನ ಸ್ವಿಚ್‌ಗಳು ಸರಿ ಇವೆಯಾ ಅಂತ ನೋಡಲು, ಮೀಟರನ್ನು ಡಯೋಡ್ ಗುರುತಿಗೆ ಇಟ್ಟು ಪರೀಕ್ಷೆ. ಮೋಟರಿನ ಫೇಸ್ ಬಿಡಿಸಿರಬೇಕು, ಇಲ್ಲದಿದ್ದರೆ ವೈಂಡಿಂಗ್ ಮೂಲಕ ಮೂರೂ ಒಂದೇ ಥರ ತೋರಿಸುತ್ತವೆ. ಮೀಟರಿನ ಕೆಂಪು ಕಡ್ಡಿ ಡಿಸಿ ಮೈನಸ್‌ಗೆ, ಕಪ್ಪು ಕಡ್ಡಿ ಒಂದೊಂದೇ ಫೇಸಿಗೆ. ಮೂರರಲ್ಲೂ 0.3ರಿಂದ 0.5 ವೋಲ್ಟಿನ ಆಸುಪಾಸು, ಒಂದೇ ಸಮ ಬರಬೇಕು. ಆಮೇಲೆ ಕಪ್ಪು ಕಡ್ಡಿ ಡಿಸಿ ಪ್ಲಸ್‌ಗೆ, ಕೆಂಪು ಕಡ್ಡಿ ಫೇಸಿಗೆ. ಮತ್ತೆ ಅದೇ. ಎಲ್ಲಾದರೂ ಸೊನ್ನೆ ಬಂದರೆ ಆ ಇನ್ವರ್ಟರ್ ಸುಟ್ಟಿದೆ.

ಮೋಟರಿನ ವೈಂಡಿಂಗ್ ಮತ್ತು ಹೊರಕವಚದ ನಡುವೆ ಮೆಗ್ಗರ್ (ಹೆಚ್ಚು ವೋಲ್ಟೇಜ್ ಕೊಟ್ಟು ಕರೆಂಟ್ ಸೋರುತ್ತಿದೆಯಾ ಅಂತ ಅಳೆಯುವ ಮೀಟರು) ಹಾಕಿ, 500 ವೋಲ್ಟ್ ಸಾಕು. ಇನ್ವರ್ಟರ್ ಜೋಡಿಸಿಕೊಂಡು ಮೆಗ್ಗರ್ ಹಾಕಲೇಬೇಡಿ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಎಸಿ ಭಾಗಕ್ಕೆ ಪ್ರತಿ ವೋಲ್ಟಿಗೆ 500 ಓಮ್ ಬೇಕು. 400 ವೋಲ್ಟಿಗೆ ಎರಡು ಲಕ್ಷ ಓಮ್ ಆಯಿತು. ಅದು ಕನಿಷ್ಠ ಗೆರೆ. ಆರೋಗ್ಯವಾಗಿರುವ ಮೋಟರು ಹತ್ತಾರು, ನೂರಾರು ಮೆಗಾಓಮ್ ತೋರಿಸುತ್ತದೆ. ಎರಡು ಮೂರು ಮೆಗಾಓಮ್ ಬಂದರೆ ಒಳಗೆ ತೇವ ಇರಬಹುದು, ಬೆಲೆ ಇಳಿಸಿ ಕೇಳಿ.

ದೊಡ್ಡ ಟೆಸ್ಲಾ ಯೂನಿಟ್‌ಗೆ ಇನ್ನೊಂದು ಪರೀಕ್ಷೆ ಕಡ್ಡಾಯ. ಅದರಲ್ಲಿ ಕೂಲಂಟ್ ರೋಟರಿನ ಒಳಗೂ ಹರಿಯುತ್ತದೆ. ಅಲ್ಲಿನ ಸೀಲು ಸವೆದರೆ ಕೂಲಂಟ್ ಮೋಟರಿನ ಒಳಗೆ, ಮುಂದೆ ಇನ್ವರ್ಟರ್‌ವರೆಗೂ ಇಳಿಯುತ್ತದೆ. ಈ ಯೂನಿಟ್‌ನ ಬಹು ಪ್ರಸಿದ್ಧ ಕಾಯಿಲೆ ಇದು. ಸ್ಪೀಡ್ ಸೆನ್ಸರನ್ನು ಬಿಚ್ಚಿ ಹೊರಗೆ ಎಳೆದು ನೋಡಿ. ಒಣಗಿದ್ದರೆ ಸಮಾಧಾನ. ಒದ್ದೆ ಇದ್ದರೆ, ಕೂಲಂಟ್ ಒಣಗಿದ ಕಲೆ ಇದ್ದರೆ, ಪೂರ್ತಿ ಬಿಚ್ಚುವ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಿ. ಮಾರುವವನು ಸೆನ್ಸರ್ ಬಿಚ್ಚಲು ಬಿಡುವುದಿಲ್ಲ ಅಂದರೆ ನಾನಾದರೆ ಆ ಯೂನಿಟ್ ಕೊಳ್ಳುವುದಿಲ್ಲ.

ನಮ್ಮ ದೇಶದ ಮಾತಿಗೆ ಬರೋಣ. ಇದೇ ಬೆಂಗಳೂರಿನಿಂದ 2001ರಲ್ಲಿ ರೇವಾ ಬಂತು, 48 ವೋಲ್ಟಿನ ಎಲೆಕ್ಟ್ರಿಕ್ ಕಾರು. 2013ರ ಮಹೀಂದ್ರ ಇ2ಓ ಕೂಡ 48 ವೋಲ್ಟಿನದ್ದೇ. ಅವುಗಳ ಮೋಟರು ಈಗಲೂ ಅಲ್ಲಲ್ಲಿ ಸಿಗುತ್ತವೆ. ಕಲಿಯುವುದಕ್ಕೆ ಒಳ್ಳೆಯವು, ಯಾಕೆಂದರೆ ವೋಲ್ಟೇಜ್ ಕಡಿಮೆ. ಟಾಟಾ ಟಿಗೋರ್ ಇವಿ ವಿಷಯದಲ್ಲಿ ಮಾತ್ರ ಹುಷಾರು. ಮೊದಲು ಸರ್ಕಾರಿ ಇಲಾಖೆಗಳಿಗೆ, ಟ್ಯಾಕ್ಸಿಗಳಿಗೆ ಹೋದ ಟಿಗೋರ್ ಇವಿ 72 ವೋಲ್ಟಿನದ್ದು, 30 ಕಿಲೋವ್ಯಾಟ್ ಮೋಟರು. 2021ರಲ್ಲಿ ಬಂದ, ಜಿಪ್‌ಟ್ರಾನ್ ಅನ್ನುವ ಟಾಟಾದ ಹೊಸ ಎಲೆಕ್ಟ್ರಿಕ್ ವ್ಯವಸ್ಥೆಯ ಟಿಗೋರ್ 300 ವೋಲ್ಟಿನ ಆಚೆಯದ್ದು, 55 ಕಿಲೋವ್ಯಾಟ್, 170 ನ್ಯೂಟನ್ ಮೀಟರ್. ಹೆಸರು ಒಂದೇ, ಒಳಗೆ ಒಂದಕ್ಕೊಂದು ಸಂಬಂಧವಿಲ್ಲ. ನೆಕ್ಸಾನ್ ಕೂಡ ಹಾಗೇ. 2020ರ ಮೊದಲ ನೆಕ್ಸಾನ್ ಇವಿಯ ಟಾರ್ಕ್ 245 ನ್ಯೂಟನ್ ಮೀಟರ್. 2023ರ ಹೊಸ ಲಾಂಗ್ ರೇಂಜ್‌ನಲ್ಲಿ 215, ಆದರೆ ಮೋಟರು 16,000 ಆರ್‌ಪಿಎಂವರೆಗೆ ಓಡುತ್ತದೆ.

ಕಾನೂನನ್ನೂ ಹೇಳಿಬಿಡುತ್ತೇನೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಾರನ್ನು ನಮಗೆ ಬೇಕಾದ ಹಾಗೆ ಬದಲಾಯಿಸುವಂತಿಲ್ಲ. ಎಲೆಕ್ಟ್ರಿಕ್ ಕಿಟ್‌ಗಳಿಗೆ ಎಐಎಸ್-123 ಅನ್ನುವ ಮಾನದಂಡ ಇದೆ. ಪುಣೆಯ ಎಆರ್‌ಎಐನಂಥ ಸಂಸ್ಥೆ ಪರೀಕ್ಷಿಸಿ ಒಪ್ಪಿದ ಕಿಟ್ ಮಾತ್ರ ಆರ್‌ಸಿ ಪುಸ್ತಕದಲ್ಲಿ ಏರುತ್ತದೆ. ಗುಜರಿಯಿಂದ ತಂದ ಯೂನಿಟ್ ಹಾಕಿದ ಕಾರನ್ನು ಹಾಗೇ ರಸ್ತೆಗಿಳಿಸಿದರೆ ವಿಮೆಯೂ ನಿಮ್ಮ ಜೊತೆ ನಿಲ್ಲುವುದಿಲ್ಲ. ಕಾಲೇಜಿನ ಪ್ರಾಜೆಕ್ಟ್, ಟ್ರ್ಯಾಕ್, ಸ್ವಂತ ಜಮೀನಿನ ಗಾಡಿ ಇವಕ್ಕೆ ಮಾಡುವವರು ಮಾಡಿ.

ಪ್ರಶ್ನೆಗಳಿಗೆ ಬರುತ್ತೇನೆ. ಒಬ್ಬರು ಕೇಳಿದರು: "ಇನ್ವರ್ಟರ್ ಇಲ್ಲದ ಬರೀ ಮೋಟರು ತುಂಬ ಅಗ್ಗಕ್ಕೆ ಸಿಗುತ್ತದೆ, ಬೇರೆ ಕಂಟ್ರೋಲರ್ ಹಾಕಿದರೆ ಆಗಲ್ವಾ?" ಆಗುತ್ತದೆ. ಆ ಕಂಟ್ರೋಲರ್ ರಿಸಾಲ್ವರ್ ಓದಬೇಕು, ನಿಮ್ಮ ವೋಲ್ಟೇಜ್ ತಾಳಬೇಕು, ಮೋಟರಿನ ಪೋಲ್ (ಆಯಸ್ಕಾಂತದ ಧ್ರುವ) ಸಂಖ್ಯೆ ಮತ್ತು ಕೋನದ ವ್ಯತ್ಯಾಸವನ್ನು ನೀವೇ ಹೊಂದಿಸಲು ಬಿಡಬೇಕು. ಲೀಫ್ ಮೋಟರಿನಲ್ಲಿ ನಾಲ್ಕು ಜೋಡಿ ಪೋಲ್ ಇವೆ. ಆ ಹೊಂದಾಣಿಕೆಯನ್ನು ಚಕ್ರ ನೆಲದಿಂದ ಮೇಲೆ ಎತ್ತಿ, ಕಡಿಮೆ ಕರೆಂಟಿನಲ್ಲಿ, ತಾಳ್ಮೆಯಿಂದ ಮಾಡಬೇಕು. ಅದರಲ್ಲಿ ಖುಷಿ ಇರುವವರು ಮಾಡಿ. ಬೇಗ ಕಾರು ಓಡಬೇಕು ಅನ್ನುವವರು ಮಾಡಬೇಡಿ. ಕಂಪನಿಯ ಇನ್ವರ್ಟರ್‌ನಷ್ಟು ಶಕ್ತಿಯ ಬಿಡಿ ಕಂಟ್ರೋಲರ್ ಕೊಂಡರೆ, ಪೂರ್ತಿ ಹಳೆಯ ಯೂನಿಟ್‌ಗಿಂತ ಜಾಸ್ತಿ ಖರ್ಚಾಗುವುದೂ ಉಂಟು.

ಕೊನೆಗೆ ಒಬ್ಬ ಹುಡುಗಿ ಕೇಳಿದಳು. ಇಂಜಿನಿಯರಿಂಗ್ ಓದುತ್ತಾಳೆ, ಅಣ್ಣ ಲೀಡ್ಸ್‌ನಲ್ಲಿದ್ದಾನಂತೆ, ಇಬ್ಬರೂ ಸೇರಿ ಅಲ್ಲಿ ಒಂದು ಹಳೆಯ ಕಾರು ಮಾಡಬೇಕು ಅಂತ. "ಮೊದಲ ಸಲ ಮಾಡುವವರು ಯಾವುದನ್ನು ಕೊಳ್ಳಬೇಕು, ಒಂದೇ ಒಂದು ಹೇಳಿ" ಅಂದಳು. ನಾನು ಹೇಳಿದ್ದು ಎಝಡ್‌ಇ0 ಲೀಫ್. ಹಿಂದಿನಿಂದ ಗುದ್ದಿಸಿಕೊಂಡದ್ದು. ಸಾಧ್ಯವಾದರೆ ಬಿಡಿ ಯೂನಿಟ್ ಬದಲು ಇಡೀ ಕಾರನ್ನೇ ಕೊಳ್ಳಿ. ಬಿಚ್ಚುವ ಮೊದಲು ಅದನ್ನು ಅಂಗಳದಲ್ಲೇ ಒಂದು ಸುತ್ತು ಓಡಿಸಿ ನೋಡಬಹುದು. ಕ್ಯಾನ್ ಸಂದೇಶಗಳನ್ನು ಲ್ಯಾಪ್‌ಟಾಪ್‌ನಲ್ಲಿ ಹಿಡಿದಿಡಬಹುದು. ಬ್ಯಾಟರಿ, ಚಾರ್ಜರ್, ಪೆಡಲ್, ಪಂಪು, ಕಾಂಟ್ಯಾಕ್ಟರ್, ಹಾರ್ನೆಸ್ ಎಲ್ಲ ಒಂದೇ ಮನೆಯವು, ಒಂದಕ್ಕೊಂದು ಪರಿಚಯ ಇರುವವು. ಬೇಡದ ಸೀಟು, ಬಾಗಿಲು, ಗಾಜು ಮಾರಿದರೆ ಹಾಕಿದ ಹಣದಲ್ಲಿ ಒಂದಷ್ಟು ವಾಪಸ್ಸೂ ಬರುತ್ತದೆ. ಗೇರ್‌ಬಾಕ್ಸಿಗೆ ನಿಸಾನ್‌ನ ಮ್ಯಾಟಿಕ್-ಎಸ್ ಎಣ್ಣೆ ಹೊಸದು ಹಾಕಿ, ಹಳೆಯದನ್ನು ಬಿಳಿ ಬಟ್ಟೆಯ ಮೇಲೆ ಸೋಸಿ ಲೋಹದ ಚೂರು ಇದೆಯಾ ನೋಡಿ ಅಂತಲೂ ಹೇಳಿದೆ. ಅವಳು ಎಲ್ಲ ಬರೆದುಕೊಂಡು, "ಇಡೀ ಕಾರು ಇಡಲು ಅಣ್ಣನ ಮನೆಯಲ್ಲಿ ಜಾಗ ಇದೆಯಾ ಕೇಳ್ತೀನಿ" ಅಂದಳು.